ತೇಜಸ್ವಿ ಮತ್ತು ಕಿವಿ

ಸಾಹಿತಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಅವರ ಮೂಡಿಗೆರೆಯ ಬದುಕನ್ನು ಹತ್ತಿರದಿಂದ ಕಂಡ ಜೀವಗಳಲ್ಲಿ ಅವರ ನಾಯಿ ‘ಕಿವಿ’ಯೂ ಒಂದು. ಇದು ಜೋಲು ಕಿವಿಯ ಸ್ಪ್ಯಾನಿಯಲ್ ತಳಿಯದು.

ನಗರದ ನೌಕರಿಯ ದಾರಿ ಬಿಟ್ಟು ಕಾಫಿ ತೋಟ ಮಾಡಿದ ತೇಜಸ್ವಿ ಕಾಡು ಅಲೆದರು, ಮೀನು ಹಿಡಿದರು, ಹಕ್ಕಿಗಳ ಫೋಟೊ ತೆಗೆದರು. ಕಿವಿಗೆ ಅವರು ಪ್ರಸಿದ್ಧ ಸಾಹಿತಿಯಲ್ಲ, ಕುವೆಂಪು ಅವರ ಮಗನೂ ಅಲ್ಲ. ಕಾಡಿಗೆ ಕರೆದೊಯ್ಯುವ ಒಡೆಯ ಮಾತ್ರ. ಅದರ ಕಣ್ಣಿನಿಂದ ನೋಡಿದರೆ ಪ್ರಶಸ್ತಿ, ಸಭೆಗಳೆಲ್ಲ ಮರೆಯಾಗಿ ಪೊದೆ, ಕೆರೆ, ವಾಸನೆಯ ಜಾಡುಗಳೇ ಮುಖ್ಯವಾಗುತ್ತವೆ. ತೇಜಸ್ವಿಯವರ ಬರಹದ ಮೂಲದ್ರವ್ಯವೂ ಅವೇ.

‘ಕರ್ವಾಲೊ’ (1980) ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಟ ತಂಡದಲ್ಲಿ ವಿಜ್ಞಾನಿ ಕರ್ವಾಲೊ, ಹಳ್ಳಿಯ ಮಂದಣ್ಣರ ಜೊತೆ ಕಿವಿಯೂ ಇದೆ. ಅವರ ‘ಪರಿಸರದ ಕತೆ’ ಪುಸ್ತಕದಲ್ಲಂತೂ ಅದಕ್ಕೇ ಮೀಸಲಾದ ಅಧ್ಯಾಯವಿದೆ.

ಇಂಗ್ಲಿಷಿನಲ್ಲಿ ವರ್ಜೀನಿಯಾ ವುಲ್ಫ್ 1933ರಲ್ಲಿ ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಬದುಕನ್ನು ಆಕೆಯ ಸ್ಪ್ಯಾನಿಯಲ್ ‘ಫ್ಲಶ್’ನ ಕಣ್ಣಿನಿಂದ ಹೇಳಿದ್ದರು. ತೇಜಸ್ವಿ ಕಿವಿಯ ಕಣ್ಣಿನಿಂದ ಕತೆ ಹೇಳಲಿಲ್ಲ, ಅದನ್ನು ಸಹಜೀವಿಯಾಗಿ ಚಿತ್ರಿಸಿದರು. ಮನುಷ್ಯ ನಿಸರ್ಗದ ಒಡೆಯನಲ್ಲ, ಅದರ ಒಂದು ಭಾಗ ಎಂಬ ಅವರ ನಿಲುವನ್ನು ಎಳೆಯ ಓದುಗರಿಗೂ ಮುಟ್ಟಿಸಿದ್ದರಲ್ಲಿ ಈ ನಾಯಿಯ ಪಾಲು ದೊಡ್ಡದು.