ಸಲ್ಲೇಖನ ಬೇಡಿದ ಶಿಷ್ಯ, ಉಣ್ಣಲು ಹೇಳಿದ ಗುರು

ಕಡೂರಿನ ಕಂಬದ ಶಾಸನವೊಂದು ಗಂಗರ ಬೂತುಗನ ಅಕ್ಕ ಪಾಂಬಬ್ಬೆಯನ್ನು ಸ್ಮರಿಸುತ್ತದೆ. ಅರಸುಮನೆತನದ ಆಕೆ ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷ ತಪಸ್ಸಿನಲ್ಲಿದ್ದು, ಪಂಚವ್ರತಗಳನ್ನು ಪಾಲಿಸುತ್ತ ಕ್ರಿ.ಶ. 971ರಲ್ಲಿ ದೇಹವನ್ನು ಬಿಟ್ಟಳು. ಇಂತಹ ನೆಲದಲ್ಲಿ ಉಪವಾಸಕ್ಕೆ ಗೌರವ ಹೆಚ್ಚಿರುವುದು ಸಹಜ. ಕಡೂರು, ತರೀಕೆರೆ, ಅಜ್ಜಂಪುರಗಳ ಶ್ರಾವಕರಿಗೂ ದಶಲಕ್ಷಣ, ಪರ್ಯೂಷಣಗಳು ಆಹಾರವನ್ನು ಗೆಲ್ಲುವ ದಿನಗಳು. ಆದರೆ ಮನೆಯಲ್ಲೊಬ್ಬರಿಗೆ ಕರುಳಿನ ದೀರ್ಘಕಾಲದ ಉರಿಯೂತವಿದ್ದರೆ?

ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್ ಎಂಬ ಈ ಕಾಯಿಲೆಗಳಲ್ಲಿ ಹೊಟ್ಟೆನೋವು, ಭೇದಿ, ರಕ್ತಸ್ರಾವ ಮರುಕಳಿಸುತ್ತಿರುತ್ತವೆ. ಉಂಡರೆ ನೋವು, ಆದ್ದರಿಂದ ರೋಗಿ ಉಣ್ಣಲು ಹೆದರುತ್ತಾನೆ. ಉಂಡದ್ದೂ ಪೂರ್ತಿ ಮೈಗೆ ಹತ್ತುವುದಿಲ್ಲ. ಉರಿಯೂತ ಸ್ನಾಯುವನ್ನು ಕರಗಿಸುತ್ತದೆ, ರಕ್ತದೊಡನೆ ಕಬ್ಬಿಣಾಂಶ ಹೋಗುತ್ತದೆ. ಸಣ್ಣಕರುಳಿನ ಕೊನೆಯ ಭಾಗ ಕೆಟ್ಟರೆ ಬಿ12 ಹೀರಲ್ಪಡುವುದಿಲ್ಲ. ಹಾಲು ಮೊಸರಿನಿಂದ ಮಾತ್ರವೇ ಅದನ್ನು ಪಡೆಯುವ ಜೈನರಿಗೆ ಇದು ಇಮ್ಮಡಿ ಕೊರತೆ. ಹೀಗೆ ಕೃಶವಾದ ದೇಹವನ್ನು ಕಂಡು ತಪಸ್ಸಿನ ಫಲವೆಂದು ಮೆಚ್ಚುವವರೂ ಇದ್ದಾರೆ. ಅದು ತಪಸ್ಸಲ್ಲ, ಅಪೌಷ್ಟಿಕತೆ.

ಆಚಾರ್ಯ ಸಮಂತಭದ್ರರ ವೃತ್ತಾಂತ ಇಲ್ಲಿ ನೆನಪಾಗಬೇಕು. ಅವರನ್ನು ಭಸ್ಮಕವ್ಯಾಧಿ ಕಾಡಿತು: ಉಂಡುದೆಲ್ಲ ಬೂದಿಯಾಗುವ, ಅನ್ನ ಸಾಲದಾದಾಗ ಧಾತುಗಳನ್ನೇ ಸುಡುವ ಜಠರಾಗ್ನಿ. ಅದು ಇಂದಿನ ಕರುಳುಬೇನೆಯಲ್ಲ. ಆದರೂ ರೋಗ ದೇಹವನ್ನು ಒಳಗಿನಿಂದ ತಿನ್ನುವ ಬಗೆ ಎರಡರಲ್ಲೂ ಇದೆ. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲೇ ಈ ವ್ಯಾಧಿಯ ಉಲ್ಲೇಖವುಂಟು. ದೇವಚಂದ್ರನ ರಾಜಾವಳಿಕಥೆಯ ಪ್ರಕಾರ, ಮುನಿಚರ್ಯೆಯ ಒಂದು ಹೊತ್ತಿನ ಮಿತಾಹಾರದಲ್ಲಿ ರೋಗ ತಣಿಯದೆಂದರಿತು ಅವರು ಗುರುವಿನ ಬಳಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರು ಕೊಡಲಿಲ್ಲ. ಮುನಿವೇಷವನ್ನು ಇಳಿಸಿಯಾದರೂ ರೋಗ ಶಮನವಾಗುವಷ್ಟು ಉಣ್ಣಬೇಕು, ಗುಣವಾದ ಮೇಲೆ ಮತ್ತೆ ದೀಕ್ಷೆ ಪಡೆಯಬೇಕು ಎಂದು ಆಜ್ಞಾಪಿಸಿದರು. ಶಿಷ್ಯನಿಗೆ ಮರಣಕ್ಕಿಂತ ಕಠಿಣವಾಗಿ ತೋರಿದ ಆಜ್ಞೆಯಿದು.

ಅದೇ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ರೋಗದ ಕಾರಣಕ್ಕಾದರೆ ಪ್ರತೀಕಾರವಿಲ್ಲದಾಗ ಮಾತ್ರ ಸಲ್ಲೇಖನವನ್ನು ಒಪ್ಪುತ್ತದೆ. ಕರುಳಿನ ಉರಿಯೂತ ಬೇರುಸಹಿತ ಹೋಗದಿರಬಹುದು, ಆದರೆ ಅದಕ್ಕೆ ಪ್ರತೀಕಾರವಿದೆ. ಇನ್ನು ತೀರ್ಥಂಕರತ್ವಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿತಃ’ ಎಂಬ ವಿಶೇಷಣವೇ ಅಂಟಿಕೊಂಡಿದೆ. ಶಕ್ತಿಯನ್ನು ಬಚ್ಚಿಡಬಾರದು, ಮೀರಲೂಬಾರದು.

ರೋಗ ಉಲ್ಬಣಿಸಿದಾಗ ದೇಹದ ತೂಕದ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆನ್ನುತ್ತದೆ ವೈದ್ಯಶಾಸ್ತ್ರ. ಐವತ್ತು ಕಿಲೋದವರಿಗೆ 60ರಿಂದ 75 ಗ್ರಾಂ. ರಾತ್ರಿಭೋಜನ ತ್ಯಾಗವನ್ನು ಉಳಿಸಿಕೊಂಡೇ ಸೂರ್ಯೋದಯದಿಂದ ಸೂರ್ಯಾಸ್ತದೊಳಗೆ ಐದಾರು ಬಾರಿ ಸ್ವಲ್ಪಸ್ವಲ್ಪವಾಗಿ ಉಣ್ಣಬಹುದು. ಮೆತ್ತಗೆ ಬೆಂದ ಅನ್ನ, ಹೆಸರುಬೇಳೆಯ ತೊವ್ವೆ, ಬಾಳೆಹಣ್ಣು, ಒಗ್ಗುವವರಿಗೆ ಅಂದೇ ಹೆಪ್ಪಾದ ಮೊಸರು, ಪನೀರು: ಇವುಗಳಲ್ಲಿ ಕಂದಮೂಲವಿಲ್ಲ. ಕರುಳು ಕಿರಿದಾದವರಿಗೆ ಸಿಪ್ಪೆಕಾಳು, ನಾರಿನ ಸೊಪ್ಪು ಸಲ್ಲವು. ಕಾಯಿಸಿ ಸೋಸಿದ ನೀರಂತೂ ಜೈನರ ಮನೆಯ ಹಳೆಯ ಕ್ರಮ. ಮಕ್ಕಳ ಕ್ರೋನ್ಸ್‌ಗೆ ಆರೆಂಟು ವಾರ ದ್ರವಾಹಾರವೊಂದೇ ಔಷಧವಾಗುವುದೂ ಉಂಟು. ಮಾತ್ರೆಯ ಜೆಲಟಿನ್ ಕವಚದ ಬಗ್ಗೆ ಸಂಕೋಚವಿದ್ದರೆ ವೈದ್ಯರಲ್ಲಿ ಬಾಯಿಬಿಟ್ಟು ಬೇರೆ ರೂಪವನ್ನು ಕೇಳಬೇಕು. ಗುಟ್ಟಾಗಿ ಮಾತ್ರೆ ಬಿಡುವುದು ಅಪಾಯ.

ಮನೆಯವರಿಗೂ ಇಲ್ಲಿ ತಪಸ್ಸುಂಟು. ಅನಶನ ಬಾಹ್ಯತಪ, ವೈಯಾವೃತ್ಯ, ಅಂದರೆ ಸೇವೆ, ಅಂತರಂಗತಪ. ಪರ್ವದ ದಿನ ತಾವು ಉಪವಾಸವಿದ್ದೂ ರೋಗಿಗಾಗಿ ಒಲೆ ಹಚ್ಚಿ ಗಂಜಿ ಕಾಯಿಸುವ ಅತ್ತೆ ಎರಡನ್ನೂ ಆಚರಿಸಿದಂತೆ.

ಸಮಂತಭದ್ರರು ಶಿವಾಲಯವೊಂದರಲ್ಲಿ ನೈವೇದ್ಯದ ರಾಶಿಯನ್ನು ಉಣ್ಣುತ್ತಿದ್ದರಂತೆ. ಊರು ಕಂಚಿಯೆಂದು ಒಂದು ಕಥೆ, ಕಾಶಿಯೆಂದು ಇನ್ನೊಂದು. ದಿನಗಳೆದಂತೆ ಅನ್ನ ಉಳಿಯತೊಡಗಿತು. ಅರಸನಿಗೆ ಸಂಶಯ ಬಂದದ್ದು ಆ ಉಳಿದ ಅನ್ನದಿಂದಲೇ. ವ್ಯಾಧಿ ಅಡಗಿತ್ತು, ಗುರುವಿನ ಮಾತಿನಂತೆ ಅವರು ಮತ್ತೆ ದೀಕ್ಷೆ ಪಡೆದರು.