ಹಳೇ ವೆಬ್ಲಿ ಕೊಳ್ಳೋ ಮುಂಚೆ ಸಿಲಿಂಡರ್ ತಿರುಗಿಸಿ ನೋಡಿ

ಅಮೆರಿಕದಲ್ಲಿ ಹಳೇ ಬಂದೂಕು ಸಂಗ್ರಹಿಸೋರಿಗೆ ವೆಬ್ಲಿ ಮಾರ್ಕ್ 6 ಅಂದ್ರೆ ಆಸೆ ಜಾಸ್ತಿ. 1915ರಲ್ಲಿ ಬ್ರಿಟಿಷ್ ಸೇನೆ ಸೇರಿದ, ಆರು ಗುಂಡಿನ ಡಬಲ್ ಆ್ಯಕ್ಷನ್ ರಿವಾಲ್ವರ್ ಇದು. ಡಬಲ್ ಆ್ಯಕ್ಷನ್ ಅಂದ್ರೆ ಟ್ರಿಗರ್ ಒಂದನ್ನೇ ಎಳೆದರೆ ಸಾಕು: ಸಿಲಿಂಡರ್ ತಿರುಗುತ್ತೆ, ಹ್ಯಾಮರ್ ಹಿಂದೆ ಸರಿದು ಬಡಿಯುತ್ತೆ. ಅಷ್ಟೂ ಕೆಲಸ ಒಂದೇ ಬೆರಳಿನದು, ಹಾಗಾಗಿ ಎಳೆತ ಭಾರ, ಗುರಿ ಅಲುಗಾಡುತ್ತೆ. ಹೆಬ್ಬೆರಳಿನಿಂದ ಹ್ಯಾಮರ್ ಮೊದಲೇ ಎಳೆದಿಟ್ಟರೆ ಹಗುರ.

ಆದರೆ ಅಸಲಿ ವಿಷಯ ಸಿಲಿಂಡರಿನ ಹಿಂಭಾಗದಲ್ಲಿದೆ. ಈ ರಿವಾಲ್ವರ್‌ನ ಮೂಲ ಗುಂಡು .455. ಅಮೆರಿಕದಲ್ಲಿ ಅದು ಸಿಗೋದು ಕಷ್ಟ, .45 ಎಸಿಪಿ ಮಾತ್ರ ಎಲ್ಲೆಡೆ ಸಿಗುತ್ತೆ. ಅದಕ್ಕೇ ಅಲ್ಲಿಗೆ ಹೋದ ಬಹಳಷ್ಟು ವೆಬ್ಲಿಗಳ ಸಿಲಿಂಡರನ್ನು ಹಿಂದಿನಿಂದ ತುಸು ತರಿದು, ಅರ್ಧಚಂದ್ರದಂಥ ಕ್ಲಿಪ್‌ಗೆ ಸಿಕ್ಕಿಸಿದ .45 ಎಸಿಪಿ ಕೂರುವ ಹಾಗೆ ಮಾಡಿದರು. ಅಗ್ಗದ ಉಪಾಯ. ಅಪಾಯವೂ ಅಲ್ಲೇ ಇದೆ! .45 ಎಸಿಪಿಯ ಗರಿಷ್ಠ ಒತ್ತಡದ ಮಿತಿ ಚದರ ಇಂಚಿಗೆ 21,000 ಪೌಂಡ್. .455 ಗುಂಡಿನ ಒತ್ತಡ ಅದಕ್ಕಿಂತ ತುಂಬಾ ಕಡಿಮೆ, ವೆಬ್ಲಿ ಕಟ್ಟಿದ್ದೂ ಅಷ್ಟಕ್ಕೇ. ‘ನಾನು ನೂರು ಸಲ ಹೊಡೆದಿದ್ದೀನಿ, ಏನೂ ಆಗಿಲ್ಲ’ ಅಂತ ಮಾರುವವರು ಹೇಳಬಹುದು. ಲೋಹಕ್ಕೆ ಆಯಾಸ ಅನ್ನೋದು ಒಂದಿದೆ, ಅದು ಹೇಳಿಕೇಳಿ ಬರಲ್ಲ.

ಗುರುತಿಸೋದು ಹೇಗೆ? ಮದ್ದಿಲ್ಲದ .455 ಡಮ್ಮಿ ಗುಂಡು ಹಾಕಿ ನೋಡಿ. ಹಿಂದೆ ಅಗತ್ಯಕ್ಕಿಂತ ಹೆಚ್ಚು ಸಂದು ಉಳಿದರೆ ತರಿದಿದ್ದಾರೆ ಅಂತಲೇ ಲೆಕ್ಕ. ಆಮೇಲೆ, ರಿವಾಲ್ವರ್ ಖಾಲಿ ಅಂತ ಎರಡು ಸಲ ನೋಡ್ಕೊಂಡು, ಟ್ರಿಗರ್ ನಿಧಾನ ಎಳೀರಿ. ಹ್ಯಾಮರ್ ಬೀಳೋ ಮುಂಚೆ ಸಿಲಿಂಡರ್ ಬಿಗಿಯಾಗಿ ನಿಲ್ಲಬೇಕು. ನಿಲ್ಲದಿದ್ದರೆ ಗುಂಡು ಬ್ಯಾರೆಲ್ಲಿಗೆ ನೇರ ಹೋಗಲ್ಲ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತೆ. ಅಂಥದ್ದನ್ನು ಬಂದೂಕು ರಿಪೇರಿಯವರಿಗೆ ತೋರಿಸೋವರೆಗೆ ಗೋಡೆ ಮೇಲೇ ಇಡಿ.