ಮನೆಯ ಮೇಲಣ ತಂತಿ, ಊರ ಮೇಲಣ ಆಕಾಶ

ದೇಶದ ರೇಡಿಯೋ ಕೇಂದ್ರಗಳಿಗೆ ಇಂದು ಸಂದಿರುವ ‘ಆಕಾಶವಾಣಿ’ ಎಂಬ ಹೆಸರು ನಮ್ಮ ಮೈಸೂರಿನಲ್ಲಿ ಮೊದಲು ಕೇಳಿಬಂದುದು ಒಂದು ಮನೆಯಿಂದ. ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ನಿವಾಸದಲ್ಲಿಯೇ ಪುಟ್ಟ ಪ್ರೇಷಕಯಂತ್ರವೊಂದನ್ನು ಹೂಡಿ ಆ ಕೇಂದ್ರವನ್ನು ಆರಂಭಿಸಿದರು. ಮನೆಯಲ್ಲಿ ಕುಳಿತೇ ದೂರದವರೊಡನೆ ಸಂಭಾಷಿಸುವ ಉತ್ಸಾಹವು ಇಂದಿಗೂ ಆರಿಲ್ಲ. ಆದರೆ ಕೇಳುವುದು ಬೇರೆ, ಆಡುವುದು ಬೇರೆ. ಕೇಳುವವನಿಂದ ನೆರೆಯವನಿಗೆ ಬಾಧೆಯಿಲ್ಲ. ಆಡುವವನ ಅಲೆಯಾದರೋ ಬೇಲಿಯನ್ನರಿಯದು. ಆದುದರಿಂದಲೇ ಹವ್ಯಾಸಿ ಪ್ರೇಷಕನಿಗೆ ಸರ್ಕಾರದ ಅಪ್ಪಣೆ ಬೇಕಾಗುವುದು.

ಹನ್ನೆರಡು ವರ್ಷ ತುಂಬಿದವರು ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಈ ಪರವಾನಗಿಯನ್ನು ಪಡೆಯಬಹುದು. ಕೆಳದರ್ಜೆಯವರಿಗೆ 50 ವಾಟ್ ಶಕ್ತಿಯ ಮಿತಿಯುಂಟು. ಪ್ರತಿಯೊಬ್ಬರಿಗೂ ‘ವಿಯು’ ಎಂದು ಮೊದಲಾಗುವ ಕರೆಹೆಸರು ದೊರೆಯುವುದು. ಅದನ್ನು ಹೇಳದೆ ಮಾತನಾಡುವುದು ಸಲ್ಲದು. ವ್ಯಾಪಾರದ ವಾರ್ತೆ, ಸಂಗೀತ, ಹಣಕ್ಕಾಗಿ ಸಂದೇಶ ಸಾಗಿಸುವುದು, ಇವೆಲ್ಲ ನಿಷಿದ್ಧ. ಇದು ಬರಿಯ ಕಟ್ಟುಪಾಡಲ್ಲ. 2004ರ ಡಿಸೆಂಬರಿನ ಸುನಾಮಿಯಲ್ಲಿ ಅಂಡಮಾನಿನ ಸಂಪರ್ಕ ಕಡಿದಾಗ ಸುದ್ದಿಯನ್ನು ಮುಟ್ಟಿಸಿದವರಲ್ಲಿ ಹವ್ಯಾಸಿಗಳೂ ಇದ್ದರು. ಅಂತಹ ದಿನ ದಾರಿ ತೆರವಾಗಿರಬೇಕಾದರೆ ದಿನನಿತ್ಯವೂ ಶಿಸ್ತಿರಬೇಕು. 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಅಲ್ಪಶಕ್ತಿಯ ಕೈಯಂತ್ರಗಳಿಗೆ 2018ರ ನಿಯಮಗಳು ಪರವಾನಗಿಯಿಂದ ವಿನಾಯಿತಿ ನೀಡಿವೆ. ಕೊಳ್ಳುವಾಗ ಈ ಅಂಕಿಗಳನ್ನು ನೋಡಿಯೇ ಕೊಳ್ಳತಕ್ಕದ್ದು.

ಇನ್ನು ಏರಿಯಲ್ಲಿನ ವಿಚಾರ. ಬೆಂಗಳೂರಿನ ಉತ್ತರದಲ್ಲಿ, ಬಳ್ಳಾರಿ ರಸ್ತೆಯ ಬ್ಯಾಟರಾಯನಪುರವನ್ನೇ ನಿದರ್ಶನಕ್ಕೆ ತೆಗೆದುಕೊಳ್ಳೋಣ. ಅಲ್ಲಿ ಅರವತ್ತು ಅಡಿ ಉದ್ದ, ನಲವತ್ತು ಅಡಿ ಅಗಲದ ನಿವೇಶನವೊಂದಿದೆಯೆನ್ನಿ. 7 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 42 ಮೀಟರು. ಅದರ ಅರ್ಧದಷ್ಟು, ಎಂದರೆ ಸುಮಾರು 20 ಮೀಟರು, ತಂತಿ ಬೇಕು. ನಿವೇಶನದ ಉದ್ದ 18 ಮೀಟರಿಗೆ ಮುಗಿಯುತ್ತದೆ. ಆಗ ತಂತಿಯ ತುದಿಯನ್ನು ಬೀದಿಯಾಚೆಯ ಮರಕ್ಕೆ ಕಟ್ಟುವ ಮನಸ್ಸಾಗುವುದು. ಅಪಾಯವಿರುವುದು ಇಲ್ಲಿಯೇ. ಬೀದಿಯಲ್ಲಿ ವಿದ್ಯುತ್ ತಂತಿಗಳು ಹಾದಿವೆ. ಏರಿಯಲ್ಲು ಹರಿದು ಅವುಗಳ ಮೇಲೆ ಬಿದ್ದರೆ ಯಂತ್ರವನ್ನು ಮುಟ್ಟಿದವನ ಪ್ರಾಣವೇ ಹೋದೀತು. ಮೂಲೆಯಿಂದ ಮೂಲೆಗೆ ಅಳೆದು ನೋಡಿರಿ: ಸುಮಾರು 22 ಮೀಟರು! ತಂತಿ ನಮ್ಮ ಎಲ್ಲೆಯೊಳಗೇ ಅಡಗುತ್ತದೆ. 144 ಮೆಗಾಹರ್ಟ್ಸಿಗಾದರೋ ಅರ್ಧ ಮೀಟರಿನ ಸರಳೇ ಸಾಕು.

ಎತ್ತರಕ್ಕೂ ಮಿತಿಯುಂಟು. ಸಮೀಪದಲ್ಲಿ ಜಕ್ಕೂರಿನ ವಿಮಾನ ಮೈದಾನ, ಉತ್ತರಕ್ಕೆ ಯಲಹಂಕದ ವಾಯುಪಡೆಯ ನೆಲೆ. ವಿಮಾನ ಮೈದಾನಗಳ ಸುತ್ತಣ ಕಟ್ಟಡ, ಕಂಬಗಳ ಎತ್ತರವನ್ನು 2015ರ ನಿಯಮಗಳು ನಿರ್ಬಂಧಿಸುತ್ತವೆ. ಅಲ್ಲಿ ಲೆಕ್ಕಕ್ಕೆ ಬರುವುದು ಕಂಬವೊಂದರ ಉದ್ದವಲ್ಲ; ನೆಲ, ಮನೆ, ಕಂಬ ಎಲ್ಲವೂ ಸೇರಿ ಸಮುದ್ರಮಟ್ಟದಿಂದ ತುದಿಯವರೆಗಿನ ಎತ್ತರ. ಹನ್ನೆರಡು ಮೀಟರಿನ ಮನೆಯ ಮೇಲೆ ಆರು ಮೀಟರಿನ ಕೊಳವೆ ನಿಲ್ಲಿಸಿದವನು ನೆಲದಿಂದ ಹದಿನೆಂಟು ಮೀಟರು ಏರಿದಂತಾಯಿತು. ಆದುದರಿಂದ ಕೊಳವೆಯನ್ನು ಕೊಳ್ಳುವ ಮೊದಲೇ ವಿಚಾರಿಸುವುದು ಲೇಸು.

ಏಪ್ರಿಲ್, ಮೇ ತಿಂಗಳ ಗುಡುಗುಮಳೆಗೆ ಮುಂಚೆ ಕಂಬಕ್ಕೆ ಭೂಸಂಪರ್ಕ ಕೊಡಿಸಿರಿ. ಮೋಡ ಕವಿಯುವ ಮೊದಲೇ ಏರಿಯಲ್ಲನ್ನು ಯಂತ್ರದಿಂದ ಬಿಡಿಸಿರಿ. ಕಂಬ ನಿಲ್ಲಿಸುವ ದಿನ, ಅದು ಯಾವ ದಿಕ್ಕಿಗೆ ಉರುಳಿದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರವಿದೆಯೇ ಎಂದು ನೆಲದ ಮೇಲೆ ಹಗ್ಗವಿಟ್ಟು ಅಳೆಯಿರಿ. ಹಗ್ಗ ಸಾಲದೆ ಬಂದರೆ ಕಂಬವನ್ನು ಗಿಡ್ಡಗೊಳಿಸಿರಿ.